‘ನಾರಿಕೇಳ ವಿಜಯ’ದ ಎರಡನೇ ಪ್ರಯೋಗ

ಬಿಳಿಗೆರೆಯ ಹಾಲಿನ ಡೈರಿ ಕಾರ್ಯದರ್ಶಿ ಗಂಗಾಧರನಿಗೆ ಖಾಲಿ ಬಿಟ್ಟ ಕಾಲಂ ಕಂಡರೆ ಆಗುತ್ತಿರಲಿಲ್ಲ. ಮೂವತ್ತು ವರ್ಷದಿಂದ ದಿನಕ್ಕೆರಡು ಹೊತ್ತು ಲ್ಯಾಕ್ಟೋಮೀಟರ್ ಅದ್ದಿ ಹಾಲಿನ ಡಿಗ್ರಿ ನೋಡಿ ರಿಜಿಸ್ಟರಿಗೆ ಬರೆದು ಬರೆದು ಅವನ ಕೈಗೊಂದು ಚಾಳಿ ಹತ್ತಿತ್ತು. ಗೆರೆ ಎಳೆದ ಜಾಗ ಎಲ್ಲಿ ಕಂಡರೂ ಅಲ್ಲಿ ಏನಾದರೂ ತುಂಬಲೇಬೇಕು. ಮಗಳು ನಯನಳನ್ನು ಶಾಲೆಗೆ ಸೇರಿಸುವಾಗ ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂದಿದ್ದ ಭಾಗವನ್ನೂ ಇವನೇ ತುಂಬಿ, ಮುಖ್ಯೋಪಾಧ್ಯಾಯರು ಸಹಿ ಹಾಕುವಲ್ಲಿ ತಾನೇ ಸಹಿ ಹಾಕಿ ಕೊಟ್ಟಿದ್ದ. ಆ ಮೇಷ್ಟ್ರು ಒಂದು ನಿಮಿಷ ತಮಗೆ ವರ್ಗವಾಗಿದೆಯೆಂದೇ ತಿಳಿದು ಕುರ್ಚಿ ಬಿಟ್ಟು ಎದ್ದಿದ್ದರಂತೆ.

ಡೈರಿಯ ಜೊತೆಗೆ ಊರಿನ ಶ್ರೀ ಆಂಜನೇಯಸ್ವಾಮಿ ಕೃಪಾಪೋಷಿತ ನಾಟಕ ಮಂಡಳಿಗೂ ಅವನೇ ಕಾರ್ಯದರ್ಶಿ. ಮಂಡಳಿಗೆ ಐವತ್ತು ವರ್ಷ ತುಂಬಿದ ಸಮಯಕ್ಕೆ ತುಮಕೂರಿನ ರಂಗೋತ್ಸವ ಸಮಿತಿಯಿಂದ ಒಂದು ಕಾಗದ ಬಂತು. ಜಿಲ್ಲೆಯ ಹಳೆಯ ಮಂಡಳಿಗಳು ತಮ್ಮ ಪ್ರಯೋಗಗಳ ಇತಿಹಾಸ ಬರೆದು ಕಳಿಸಬೇಕು, ಆಯ್ಕೆಯಾದವರು ತುಮಕೂರಿನ ರಂಗಮಂದಿರದಲ್ಲಿ ನಾಟಕ ಆಡಬಹುದು ಎಂದಿತ್ತು. ಕಾಗದದ ವಿಷಯ ತಿಳಿದ ಮಂಡಳಿಯ ಅಧ್ಯಕ್ಷ ಸಣ್ಣತಿಮ್ಮಯ್ಯನವರು ಕೋಲೂರಿಕೊಂಡು ಡೈರಿಗೇ ಬಂದರು. ಎಂಬತ್ತರ ಪ್ರಾಯ, ಗದೆ ಹಿಡಿಯುವ ಪಾತ್ರವೆಲ್ಲ ಐವತ್ತು ವರ್ಷ ಅವರದೇ.

“ಲೇ ಗಂಗಾಧರ, ಕಣದಾಗೆ ಆಡಿದ್ದೀನಿ, ಕೊಬ್ಬರಿ ಗೋಡೌನಾಗೆ ಆಡಿದ್ದೀನಿ, ಎರಡು ಎತ್ತಿನಗಾಡಿ ಜೋಡಿಸಿ ಅದರ ಮೇಲೂ ಆಡಿದ್ದೀನಿ. ಸ್ವಿಚ್ ಒತ್ತಿದ್ರೆ ತೆರೆ ಸರೀತದಲ್ಲ, ಅಂಥಾ ಸ್ಟೇಜ್ ಮೇಲೆ ಒಂದ್ಸಲ ನಿಂತ್ಕಂಡುಬುಟ್ರೆ ಸಾಕು ಕಣ್ಲಾ. ಕಾಗದ ಚೆನ್ನಾಗಿ ಬರಿ,” ಎಂದರು.

ಗಂಗಾಧರ ಟ್ರಂಕಿನ ಹಳೆ ಕರಪತ್ರಗಳನ್ನೆಲ್ಲ ತೆಗೆದು, ಗೆದ್ದಲು ತಿಂದ ಕಡೆ ಊಹಿಸಿ, ಇಪ್ಪತ್ತನಾಲ್ಕು ನಾಟಕಗಳ ಹೆಸರು, ಊರು, ವರ್ಷ ಬರೆದ. ಆದರೆ ಕಾಗದದ ಜೊತೆ ಬಂದಿದ್ದ ಹಾಳೆಯಲ್ಲಿ ಇಪ್ಪತ್ತೈದು ಸಾಲುಗಳಿದ್ದವು! ಕೊನೆಯ ಸಾಲು ಬಾಯಿ ಕಳೆದುಕೊಂಡು ಅವನನ್ನೇ ನೋಡುತ್ತಿತ್ತು. ಇಪ್ಪತ್ತೈದು ನಾಟಕ ಆಗಲೇಬೇಕೆಂಬ ಕಾನೂನಿಲ್ಲದೆ ಸರ್ಕಾರದವರು ಸುಮ್ಮನೆ ಇಪ್ಪತ್ತೈದು ಗೆರೆ ಎಳೆಯುತ್ತಾರೆಯೇ? ಒಂದು ನಾಟಕಕ್ಕಾಗಿ ಸಣ್ಣತಿಮ್ಮಯ್ಯನವರ ಸ್ಟೇಜು ಕೈತಪ್ಪಬೇಕೆ? ಹೊರಗೆ ತಿಪಟೂರಿಗೆ ಹೊರಟಿದ್ದ ಟೆಂಪೋದವನು ಕಾಗದ ಒಯ್ಯಲು ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. ಗಂಗಾಧರ ಕಿಟಕಿಯಾಚೆ ನೋಡಿದ. ಬಿಳಿಗೆರೆಯಲ್ಲಿ ಯಾವ ಕಿಟಕಿಯಿಂದ ನೋಡಿದರೂ ಏನು ಕಾಣುತ್ತದೋ ಅದೇ ಕಂಡಿತು: ತೆಂಗಿನ ತೋಟ. ಪೆನ್ನು ತಾನಾಗಿಯೇ ಬರೆಯಿತು: ‘ನಾರಿಕೇಳ ವಿಜಯ. ಹೊನ್ನವಳ್ಳಿ. 1988.’ ವಿಶೇಷ ಎಂಬ ಕಾಲಮಿನಲ್ಲಿ ‘ಅಪಾರ ಜನಮೆಚ್ಚುಗೆ’ ಎಂದೂ ಸೇರಿಸಿತು. ಹೊನ್ನವಳ್ಳಿಯೇ ಏಕೆ ಎಂದರೆ, ಅದು ಅವನ ಹೆಂಡತಿಯ ತವರು. ಬರೆಯುವ ಅವಸರದಲ್ಲಿ ತವರಿನ ಹೆಸರು ಬೇಗ ಬರುತ್ತದೆ.

ಇದು ನಡೆದ ಮೂರನೇ ವಾರಕ್ಕೆ ರಂಗೋತ್ಸವ ಸಮಿತಿಯ ದಾಖಲಾತಿ ಅಧಿಕಾರಿ ನಿರ್ಮಲಾ ಸ್ಕೂಟರ್ ಹತ್ತಿ ಡೈರಿಯ ಮುಂದೆ ಬಂದಿಳಿದರು. ಕೈಯಲ್ಲಿ ಮೊಬೈಲು, ಹೆಗಲಲ್ಲಿ ಬ್ಯಾಗು, ಮುಖದಲ್ಲಿ ಹೊಸ ಕೆಲಸದ ಉತ್ಸಾಹ.

“ಸರ್, ನಿಮ್ಮ ಇಪ್ಪತ್ತನಾಲ್ಕು ನಾಟಕಗಳು ಎಲ್ಲ ಮಂಡಳಿಗಳೂ ಆಡಿರೋವೇ. ಆದರೆ ಇಪ್ಪತ್ತೈದನೇದು ಇಡೀ ಜಿಲ್ಲೆಯಲ್ಲಿ ಯಾರ ಪಟ್ಟಿಯಲ್ಲೂ ಇಲ್ಲ! ಹೊನ್ನವಳ್ಳಿಗೆ ಹೋಗಿ ನೋಡಿದವರನ್ನು ಮಾತಾಡಿಸೋಣ, ಬನ್ನಿ.”

ಗಂಗಾಧರನ ಕೈಯಲ್ಲಿದ್ದ ಲ್ಯಾಕ್ಟೋಮೀಟರ್ ಹಾಲಿನೊಳಕ್ಕೆ ಬುಳಕ್ಕನೆ ಬಿತ್ತು. “ಹಳಬರೆಲ್ಲ ತೀರಿಹೋಗವ್ರೆ ಮೇಡಂ,” ಎಂದ.

“ಎಂಬತ್ತೆಂಟು ಅಂದರೆ ಮೊನ್ನೆ ಮೊನ್ನೆ ಸರ್,” ಎಂದು ಅವರು ಸ್ಕೂಟರ್ ಶುರು ಮಾಡಿದರು.

ತನ್ನ ಟಿವಿಎಸ್ ಗಾಡಿಯಲ್ಲಿ ಅವರ ಹಿಂದೆ ಹೋಗುವಾಗ ದಾರಿಯುದ್ದಕ್ಕೂ ಗಂಗಾಧರ ಒಂದೇ ಪ್ರಾರ್ಥನೆ ಮಾಡಿದ: ಊರಿನಲ್ಲಿ ಯಾರಿಗೂ ಏನೂ ನೆನಪಿರಬಾರದು. ‘ನೆನಪಿಲ್ಲ’ ಎಂದರೆ ಮರೆತಿದ್ದಾರೆ ಎಂದು ಸಮಜಾಯಿಷಿ ಹೇಳಬಹುದು. ‘ನಡೆದೇ ಇಲ್ಲ’ ಎಂದುಬಿಟ್ಟರೆ ಮಾತ್ರ ಮಂಡಳಿಯ ಮಾನ ಹೋಯಿತು. ಇವೆರಡನ್ನು ಬಿಟ್ಟು ಮೂರನೆಯದೊಂದು ಆಗಬಹುದೆಂದು ಅವನಿಗೆ ಹೊಳೆದಿರಲಿಲ್ಲ.

ಹೊನ್ನವಳ್ಳಿಯಲ್ಲಿ ಮೊದಲು ಸಿಕ್ಕವಳು ಕಾಳಕ್ಕ. ಎಪ್ಪತ್ತರ ಹತ್ತಿರದ ಹೆಂಗಸು, ಜಗುಲಿಯ ಮೇಲೆ ಕಾಲು ನೀಡಿ ಕೂತು ಪೊರಕೆಗೆಂದು ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಿದ್ದಳು. ನಿರ್ಮಲಾ ಮೊಬೈಲ್ ಹಿಡಿದು, ಎಂಬತ್ತೆಂಟರಲ್ಲಿ ಬಿಳಿಗೆರೆಯವರು ಇಲ್ಲಿ ‘ನಾರಿಕೇಳ ವಿಜಯ’ ಎಂಬ ನಾಟಕ ಆಡಿದ್ದು ನೆನಪಿದೆಯೇ ಎಂದು ಕೇಳಿದರು.

“ನಾರಿಕೇಳ ಅಂದ್ರೆ ಏನವ್ವ?”

“ತೆಂಗಿನಕಾಯಿ ಅಜ್ಜಿ.”

ಕಾಳಕ್ಕ ಕತ್ತಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಆಕಾಶ ನೋಡಿದಳು. ಗಂಗಾಧರ ನೆಲ ನೋಡಿದ.

“ಅಯ್ಯೋ, ತೆಂಗಿನಕಾಯಿ ನಾಟ್ಕ ಅನ್ನು! ಮೂರು ಕಣ್ಣಿನ ರಾಕ್ಷಸ! ಅದ್ಯಾಕೆ ನೆನಪಿರಾಕಿಲ್ಲ? ನನ್ನ ಕಿರೀಮಗ ಆವಾಗ ಹೊಟ್ಟೇಲಿದ್ದ. ಆ ರಾಕ್ಷಸ ಬಂದು ಒಂದ್ಸಲ ಅರಚಿದ್ದೇ ತಡ, ಇವನು ಒಳಗಿಂದ್ಲೇ ಒದ್ದ ಕಣವ್ವ!”

ಗಂಗಾಧರ ತಲೆಯೆತ್ತಿದ. ಎದುರು ಮನೆಯ ರಂಗಪ್ಪ, ಒಂದು ಕಾಲದ ಪಂಚಾಯ್ತಿ ಮೆಂಬರು, ತನ್ನನ್ನು ಕೇಳದೆ ಊರಿನ ಇತಿಹಾಸ ದಾಖಲಾಗುವುದನ್ನು ಸಹಿಸದೆ ಎದ್ದು ಬಂದ.

“ರಾಕ್ಷಸ ಅಲ್ಲ ಕಣಕ್ಕ, ರಾಜ. ಋಷಿ ಶಾಪ ಕೊಟ್ಟು ತೆಂಗಿನ ಮರ ಆಯ್ತಾನೆ.”

“ನೀನು ಗೊರಕೆ ಹೊಡೀತಿದ್ದೆ, ಸುಮ್ನಿರಪ್ಪ.”

“ನಾನು ಮುಂದ್ಗಡೆ ಚಾಪೆ ಹಾಸ್ಕಂಡು ಕುಂತಿದ್ದೆ! ರಾಜನ ಬೆವರು ನನ್ ಮೇಲೇ ಹಾರ್ತಿತ್ತು!”

“ಮೊದಲು ರಾಕ್ಷಸ ಆಗಿದ್ದು, ಆಮೇಲೆ ಒಳ್ಳೆಯವನಾಗಿ ಮರ ಆಗ್ತಾನಾ?” ಎಂದು ನಿರ್ಮಲಾ ಮೆಲ್ಲನೆ ಕೇಳಿದರು.

“ಅದನ್ನೇ ನಾನೇಳಿದ್ದು,” ಎಂದರು ಇಬ್ಬರೂ ಒಟ್ಟಿಗೆ.

ಹನ್ನೆರಡು ಗಂಟೆಯ ಹೊತ್ತಿಗೆ ಹನ್ನೊಂದು ಜನ ಸಾಕ್ಷಿಗಳು ಸೇರಿದರು. ಕ್ಷೌರದಂಗಡಿಯ ಚಿತ್ತಣ್ಣ ಹಲಸಿನ ಮರ ಹತ್ತಿ ನಾಟಕ ನೋಡುತ್ತಿದ್ದಾಗ ರಾಕ್ಷಸನಿಗೆ ಹೆದರಿ ಕೆಳಗೆ ಬಿದ್ದನಂತೆ. ಹಣೆಯ ಮೇಲಿನ ಗಾಯದ ಗುರುತು ತೋರಿಸಿದ. ನಿರ್ಮಲಾ ಅದರ ಫೋಟೋ ತೆಗೆದುಕೊಂಡರು. ಅಷ್ಟು ಗಟ್ಟಿಯಾದ ದಾಖಲೆ ಯಾವ ಕಚೇರಿಯಲ್ಲಿ ತಾನೇ ಸಿಕ್ಕೀತು? ಕೊನೆಗೆ ಯಾರೋ ‘ಹಾಡು ಹೇಳು ಕಾಳಕ್ಕ’ ಎಂದರು. ಕಾಳಕ್ಕ ಬೇಡ ಬೇಡ ಎನ್ನುತ್ತಲೇ ಸೆರಗು ಸರಿಮಾಡಿಕೊಂಡು ಹಾಡಿದಳು:

“ಕಾಯಿಯಾಗಿ ಉದುರಿದರೂ ಕಾಯುವೆನು ನಿಮ್ಮನು,
ನೀರು ಕೇಳಿ ಬಂದವರಿಗೆ ನೆತ್ತಿಯೊಡೆದು ಕೊಡುವೆನು…”

ಗಂಗಾಧರ ಕಾಳಕ್ಕನ ಮುಖವನ್ನೇ ನೋಡಿದ. ಅಲ್ಲಿ ಸುಳ್ಳಿನ ಒಂದು ಗೆರೆಯೂ ಇರಲಿಲ್ಲ. ಕಣ್ಣು ತೇವವಾಗಿತ್ತು. ತಾನು ಟೆಂಪೋದವನ ಹಾರನ್ನಿಗೆ ಹೆದರಿ ಗೀಚಿದ ಎರಡು ಪದಗಳಿಂದ ಈ ಹಾಡು ಹೇಗೆ ಎದ್ದು ಬಂತು?

ಬಿಳಿಗೆರೆಗೆ ಬಂದವನೇ ನೇರ ಸಣ್ಣತಿಮ್ಮಯ್ಯನವರ ಮನೆಗೆ ಹೋದ. ಅವರಾದರೂ ‘ಇಂಥ ನಾಟಕ ನಾವು ಆಡೇ ಇಲ್ಲವಲ್ಲೋ’ ಎಂದು ಬೈದರೆ ಸಾಕೆನಿಸಿತ್ತು. ಆದರೆ ವಿಷಯ ಕೇಳುತ್ತಲೇ ಮುದುಕರ ಮೀಸೆ ಕುಣಿಯಿತು.

“ನಾರಿಕೇಳಾಸುರ ನಾನೇ ಅಲ್ಲೇನ್ಲಾ ಮಾಡಿದ್ದು! ಅಂಥಾ ಪಾರ್ಟ್ ನನ್ ಜನ್ಮದಾಗೆ ಇನ್ನೊಂದು ಮಾಡ್ಲಿಲ್ಲ. ಅದನ್ನ ಕೊನೇ ಸಾಲಿಗೆ ಹಾಕಿದ್ದೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?”

“ನಾಟಕದ ಪುಸ್ತಕ ಎಲ್ಲೈತೆ ತಿಮ್ಮಯ್ಯನೋರೇ?”

“ಗೆದ್ದಲು ತಿಂತು,” ಎಂದರು ಅವರು ಕಣ್ಣು ಪಿಳುಕಿಸದೆ. “ನಂಗೇನು ಗೊತ್ತು ಇವತ್ತು ಬೇಕಾಗ್ತದೆ ಅಂತ?”

ಇನ್ನು ಉಳಿದದ್ದು ಹೆಂಡತಿ ಚಿಕ್ಕಗೌರಮ್ಮ. ಅವಳು ಮುದ್ದೆ ತಿರುವುತ್ತಿದ್ದಾಗ ಗಂಗಾಧರ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೊನ್ನವಳ್ಳಿಯ ಜನಕ್ಕೆ ತಲೆ ಕೆಟ್ಟಿದೆಯೆಂದು ಶುರು ಮಾಡಿದ. ಅವನಿಗೆ ಪೂರ್ತಿ ಹೇಳಲು ಅವಳು ಬಿಡಲಿಲ್ಲ.

“ನಮ್ಮೂರೋರ ತಲೆ ಯಾಕೆ ಕೆಡ್ತದೆ? ನಾನೇ ನೋಡಿಲ್ವಾ ಆ ನಾಟ್ಕನ? ಆವಾಗ ನಂಗೆ ಹದಿನಾಲ್ಕು. ನೀವು ಬಿಳೀ ಅಂಗಿ ಹಾಕ್ಕಂಡು ಗ್ಯಾಸ್‌ಲೈಟಿಗೆ ಗಾಳಿ ಹೊಡೀತಾ ನಿಂತಿದ್ರಿ. ಬೆಳಕೆಲ್ಲ ನಿಮ್ಮ ಮುಖದ ಮೇಲೆ ಬಿದ್ದಿತ್ತು. ಏಳು ವರ್ಷ ಆದ್ಮೇಲೆ ಹೆಣ್ಣು ನೋಡಕ್ಕೆ ಬಂದ್ರಲ್ಲ, ನಮ್ಮಪ್ಪಂಗೆ ಹುಳಿಯಾರಿನ ಗಂಡು ಇಷ್ಟ ಆಗಿತ್ತು. ನಾನೇ ಹಟ ಮಾಡಿ, ಗ್ಯಾಸ್‌ಲೈಟಿನೋರೇ ಆಗ್ಲಿ ಅಂದೆ.” ಮುದ್ದೆಕೋಲು ಒಂದು ಗಳಿಗೆ ನಿಂತಿತು. “ಇಷ್ಟು ವರ್ಷ ಹೇಳಿರ್ಲಿಲ್ಲ. ಜಂಬ ಬತ್ತದೆ ಅಂತ.”

ಗಂಗಾಧರ ಹೆಣ್ಣು ನೋಡಲು ಹೋಗುವುದಕ್ಕೆ ಮೊದಲು ಹೊನ್ನವಳ್ಳಿಗೆ ಕಾಲಿಟ್ಟವನೇ ಅಲ್ಲ. ಆದರೆ ಮೂವತ್ತು ವರ್ಷದ ಸಂಸಾರ ಒಂದು ಗ್ಯಾಸ್‌ಲೈಟಿನ ಮೇಲೆ ನಿಂತಿದೆಯೆಂದು ತಿಳಿದ ಮೇಲೆ ಅದನ್ನು ಊದಿ ಆರಿಸುವ ಧೈರ್ಯ ಯಾವ ಗಂಡಸಿಗಿದೆ? ಸುಮ್ಮನೆ ಎರಡು ಮುದ್ದೆ ಉಂಡು ಎದ್ದ.

ಮರುದಿನವೇ ನಿರ್ಮಲಾ ಫೋನು ಮಾಡಿದರು. ಮಂಡಳಿ ಆಯ್ಕೆಯಾಗಿದೆ, ಆದರೆ ಒಂದು ಷರತ್ತು. ಆಡಬೇಕಾದ ನಾಟಕ ‘ನಾರಿಕೇಳ ವಿಜಯ’ವೇ. ಪುಸ್ತಕ ಹಾಳಾಗಿದ್ದರೆ ನೋಡಿದವರ ನೆನಪಿನಿಂದ ಮತ್ತೆ ಬರೆಸಿ, ಎರಡು ತಿಂಗಳಿದೆ ಎಂದರು.

ಹೀಗೆ ಬಿಳಿಗೆರೆಯ ಡೈರಿಯಲ್ಲಿ ಹಾಲು ಅಳೆಯುವುದರ ಜೊತೆಗೆ ನಾಟಕ ಬರೆಯುವ ಕೆಲಸವೂ ಶುರುವಾಯಿತು. ತುರುವೇಕೆರೆಯಿಂದ ಹಾರ್ಮೋನಿಯಂ ಮೇಷ್ಟ್ರು ಶ್ರೀರಂಗಯ್ಯ ಬಂದರು. ಅವರಿಗೆ ಆ ನಾಟಕದ ಬಗ್ಗೆ ಏನೂ ಗೊತ್ತಿರಲಿಲ್ಲ. ಮೊದಲ ದಿನ ಹಾಗೆಂದೇ ಹೇಳಿದರು. ಎರಡನೆಯ ದಿನ ಮೊಬೈಲಿನಲ್ಲಿ ಕಾಳಕ್ಕನ ಹಾಡು ಕೇಳಿ, “ಈ ಮಟ್ಟು ಎಲ್ಲೋ ಕೇಳಿದ್ದೀನಲ್ಲ,” ಎಂದರು. ನಾಲ್ಕನೆಯ ದಿನ, “ನಮ್ಮ ಗುರುಗಳು ಈ ನಾಟಕಕ್ಕೆ ಎಂಬತ್ತೆಂಟರಲ್ಲಿ ಕಾಲು ಹಾರ್ಮೋನಿಯಂ ನುಡಿಸಿದ್ರು ಕಣ್ರೀ,” ಎಂದು ಕೈಮುಗಿದರು. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ಒಂದೊಂದು ಮಾತು ಕೊಟ್ಟು ಹೋದರು. ಹೊನ್ನವಳ್ಳಿಯ ರಂಗಪ್ಪ ಬಸ್ಸಿನಲ್ಲಿ ಬಂದು ಋಷಿಯ ಶಾಪವನ್ನು ಒಪ್ಪಿಸಿದ. ವಿಮಲಮ್ಮ ಎಂಬುವರು ತಮ್ಮ ಎಮ್ಮೆಯ ಹಾಲಿನ ಡಿಗ್ರಿ ಕಡಿಮೆ ಬಂದ ಸಿಟ್ಟಿನಲ್ಲಿ ಆಡಿದ ನಾಲ್ಕು ಮಾತನ್ನು ಗಂಗಾಧರ ಹಾಗೆಯೇ ರಾಣಿಯ ಬಾಯಿಗೆ ಹಾಕಿದ. ಕೇಳಿದವರೆಲ್ಲ, “ಹೂಂ ಕಣಪ್ಪ, ರಾಣಿ ಆವಾಗ್ಲೂ ಹಿಂಗೇ ಬೈದಿದ್ಲು,” ಎಂದರು.

ಪ್ರತಿ ಸಲ ‘ಆವಾಗ್ಲೂ’ ಎಂದಾಗ ಗಂಗಾಧರ ಪೆನ್ನು ಕೆಳಗಿಡುತ್ತಿದ್ದ. ಸಣ್ಣತಿಮ್ಮಯ್ಯನವರು ಬೆಳಗ್ಗೆ ಬೆಳಗ್ಗೆ ತೋಟದಲ್ಲಿ ನಿಂತು ತಾಲೀಮು ಮಾಡುವುದನ್ನು ಕಂಡ ದಿನ ಅವನಿಗೆ ತಡೆಯಲಾಗಲಿಲ್ಲ. ಸ್ಟೇಜಿನ ಮೇಲೆ ನಿಂತ ಹೊತ್ತಿನಲ್ಲೇ ಯಾರಾದರೂ ಎದ್ದು, ಇದೆಲ್ಲ ಸುಳ್ಳು ಎಂದರೆ ಆ ಜೀವ ಉಳಿದೀತೆ? ತುಮಕೂರಿನ ಬಸ್ಸು ಹತ್ತಿ ನಿರ್ಮಲಾ ಅವರ ಮೇಜಿನ ಮುಂದೆ ಕೈಕಟ್ಟಿ ನಿಂತು ಎಲ್ಲವನ್ನೂ ಒಪ್ಪಿಕೊಂಡ.

“ಇಪ್ಪತ್ತೈದು ಸಾಲೂ ತುಂಬಬೇಕಿತ್ತಲ್ಲ ಮೇಡಂ, ಅದಕ್ಕೇ…”

“ಯಾರು ಹೇಳಿದ್ರು ಸರ್? ಹತ್ತು ಇದ್ದರೆ ಸಾಕಿತ್ತು. ಹಾಳೆ ಉದ್ದ ಇತ್ತು, ಇಪ್ಪತ್ತೈದು ಗೆರೆ ಬಂತು.”

ಗಂಗಾಧರ ಅಲ್ಲಿದ್ದ ಕುರ್ಚಿಯ ಮೇಲೆ ಕೂತುಬಿಟ್ಟ. ನಿರ್ಮಲಾ ಫೈಲು ತೆರೆದು ಅವನ ಕಡೆ ತಿರುಗಿಸಿದರು.

“ನನಗೂ ಈಗ ಏನು ಮಾಡಬೇಕೋ ತಿಳೀತಿಲ್ಲ ಸರ್. ನಡೆದಿದೆ ಅಂತ ಹನ್ನೊಂದು ಜನ, ಒಂದು ಹಾಡು, ಒಂದು ಗಾಯ. ನಡೆದಿಲ್ಲ ಅಂತ ನೀವೊಬ್ಬರು. ಹೋಗಿ ಕಾಳಕ್ಕನ ಬಾಯಲ್ಲಿ ಇಲ್ಲ ಅನ್ನಿಸಿಕೊಂಡು ಬನ್ನಿ, ಈಗಲೇ ಆ ಸಾಲು ಹೊಡೆದು ಹಾಕ್ತೀನಿ. ಹಳೇ ನಾಟಕ ಯಾವುದಾದರೂ ಆಡಿ.”

ಗಂಗಾಧರ ಅಲ್ಲಿಂದಲೇ ಹೊನ್ನವಳ್ಳಿಗೆ ಹೋದ. ಕಾಳಕ್ಕನ ಜಗುಲಿಯ ಮೇಲೆ ಕೂತು, “ಅಜ್ಜಿ, ತಪ್ಪಾಯ್ತು. ಆ ನಾಟ್ಕ ನಡದೇ ಇಲ್ಲ. ನಾನೇ ಸುಳ್ಳು ಬರೆದೆ,” ಎಂದ.

ಕಾಳಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನೀನು ಅವತ್ತು ಬಂದಿದ್ದೇನ್ಲಾ ಇಲ್ಲಿಗೆ?”

“ಇಲ್ಲ ಅಜ್ಜಿ.”

“ಮತ್ತೆ ನಡದೈತೋ ಇಲ್ವೋ ನಿಂಗೆಂಗೆ ಗೊತ್ತು?”

ಕಾಳಕ್ಕ ಕೂಗಿದ್ದಕ್ಕೆ ರಂಗಪ್ಪ ಬಂದ. ವಿಷಯ ಕೇಳಿ ಗಂಗಾಧರನ ಬೆನ್ನು ತಟ್ಟಿದ.

“ನಿಮ್ಮೂರೋರೆಲ್ಲ ಬಂದಿದ್ರು, ನಿನ್ನೊಬ್ಬನ್ನೇ ಬುಟ್ಟು ಬಂದಿದ್ರು ಅಂತ ಕಾಣ್ತದೆ. ಅದಕ್ಕೆ ಇಷ್ಟು ಸಂಕಟ ಪಡ್ತಾರಾ? ಬೇಜಾರು ಮಾಡ್ಕಬ್ಯಾಡ ಕಣಪ್ಪ, ಈ ಸಲ ನೋಡೀಯಂತೆ.”

ಎಳನೀರು ಕೊಚ್ಚಿಕೊಟ್ಟು ಸಮಾಧಾನ ಮಾಡಿ ಬಸ್ಸು ಹತ್ತಿಸಿದರು.

ನಾಟಕದ ದಿನ ಎರಡೂ ಊರಿಗೆ ಸೇರಿ ಒಂದೇ ಬಸ್ಸು ಗೊತ್ತಾಗಿತ್ತು. ಮಧ್ಯಾಹ್ನ ಮೂರಕ್ಕೆ ಇವರ ಸರದಿ. ತೆರೆಯ ಹಿಂದೆ ಸಣ್ಣತಿಮ್ಮಯ್ಯನವರು ಕಿರೀಟ ಹೊತ್ತು, ಹಣೆಯ ಮಧ್ಯೆ ರಟ್ಟಿನ ಮೂರನೇ ಕಣ್ಣು ಅಂಟಿಸಿಕೊಂಡು, ಆ ಸ್ವಿಚ್ಚು ಎಲ್ಲಿದೆ ಎಂದು ಕೇಳಿದರು. ತೋರಿಸಿದಾಗ ಅದಕ್ಕೊಂದು ನಮಸ್ಕಾರ ಹಾಕಿದರು. ಗಂಗಾಧರ ಪಕ್ಕದ ಮರೆಯಲ್ಲಿ, ನಾಟಕ ಬರೆದಿದ್ದ ಡೈರಿ ರಿಜಿಸ್ಟರ್ ಹಿಡಿದು ನಿಂತ. ಮಾತು ಮರೆತವರಿಗೆ ಹೇಳಿಕೊಡುವ ಕೆಲಸ ಅವನದು.

ತೆರೆ ಸರಿಯಿತು. ನಾರಿಕೇಳಾಸುರ ಗದೆ ಎತ್ತಿ ಅರಚಿದ. ಮುಂದಿನ ಸಾಲಿನಲ್ಲಿದ್ದ ಅತಿಥಿಗಳು ಕುರ್ಚಿಯ ಕೈ ಹಿಡಿದುಕೊಂಡರು. ಆ ಅರಚಾಟದ ಬಿಸಿಗೋ, ದೀಪದ ಸೆಕೆಗೋ, ಎರಡನೇ ಅಂಕದಲ್ಲಿ ಋಷಿ ಶಾಪ ಕೊಡುವ ಹೊತ್ತಿಗೆ ಬೆವರಿಗೆ ಅಂಟು ಬಿಟ್ಟು ಮೂರನೇ ಕಣ್ಣು ಹಣೆಯಿಂದ ಜಾರಿ ಮೆಲ್ಲಗೆ ಕೆನ್ನೆಗೆ ಇಳಿಯಿತು. ಗಂಗಾಧರ ಹಣೆ ಚಚ್ಚಿಕೊಂಡ. ಸಭೆಯಲ್ಲಿ ಒಬ್ಬರೂ ನಗಲಿಲ್ಲ. “ನೋಡ್ರೋ, ರಾಕ್ಷಸನ ಕಣ್ಣು ಅಳ್ತಾ ಐತೆ!” ಎಂದು ಯಾರೋ ಪಿಸುಗುಟ್ಟಿದರು. ಅದು ಸಾಲಿನಿಂದ ಸಾಲಿಗೆ ಹರಡಿತು.

ಆಮೇಲೆ ರಾಕ್ಷಸ ಮರವಾದ. ಹತ್ತು ವರ್ಷದಿಂದ ಭುಜದ ಮೇಲಕ್ಕೆ ಕೈ ಎತ್ತಲಾಗದೆ, ಅಂಗಿಯನ್ನು ಸೊಸೆಯ ಕೈಲಿ ತೊಡಿಸಿಕೊಳ್ಳುತ್ತಿದ್ದ ಸಣ್ಣತಿಮ್ಮಯ್ಯನವರು ಎರಡು ಕೈಯಲ್ಲೂ ಗರಿ ಹಿಡಿದು ತಲೆಯ ಮೇಲಕ್ಕೆ ಎತ್ತಿದರು. ಎತ್ತಿದ ಕೈ ಇಳಿಯಲಿಲ್ಲ. ಶ್ರೀರಂಗಯ್ಯನವರು ಹಾರ್ಮೋನಿಯಂ ಹಿಡಿದರು. ಮುದುಕರು ‘ನೆತ್ತಿಯೊಡೆದು ಕೊಡುವೆನು’ ಎಂದಾಗ ದನಿ ಒಡೆಯಿತು. ಮುಂದಿನ ಸಾಲು ಮರೆತುಹೋಯಿತು. ಹೇಳಿಕೊಡಬೇಕಾದ ಗಂಗಾಧರ ರಿಜಿಸ್ಟರನ್ನು ಎದೆಗೆ ಒತ್ತಿಕೊಂಡು, ಬಾಯಿ ಬಿಟ್ಟುಕೊಂಡು, ಅಳುತ್ತ ನಿಂತಿದ್ದ. ಅದು ಯಾರ ನಾಟಕ, ಯಾರು ಬರೆದರು, ಯಾವ ವರ್ಷ ಎಂಬುದೊಂದೂ ಅವನ ತಲೆಯಲ್ಲಿರಲಿಲ್ಲ. ಸಭೆಯ ಮಧ್ಯದಿಂದ ಕಾಳಕ್ಕನ ದನಿ ಮುಂದಿನ ಸಾಲನ್ನು ಎತ್ತಿಕೊಂಡಿತು. ಹೊನ್ನವಳ್ಳಿ ಪೂರ್ತಿ ಅವಳ ಹಿಂದೆ ಹಾಡಿತು. ಮರ ಅಲುಗದೆ ನಿಂತು ಕೇಳಿತು.

ಹಾಡು ಮುಗಿದ ಮೇಲೂ ಸ್ವಿಚ್ಚಿನವನಿಗೆ ತೆರೆ ಎಳೆಯಲು ಕೈ ಬರಲಿಲ್ಲ. ಸಣ್ಣತಿಮ್ಮಯ್ಯನವರೇ ಮರದೊಳಗಿಂದ, “ಎಳೀರಪ್ಪ, ಭುಜ ಹೋಯ್ತು,” ಎಂದ ಮೇಲೆ ತೆರೆ ಸರಿಯಿತು.

ಸಂಜೆ ಬಸ್ಸು ಗುಬ್ಬಿ ದಾಟಿತು. ಮುಂದಿನ ಸೀಟಿನಲ್ಲಿ ಸಣ್ಣತಿಮ್ಮಯ್ಯನವರು ಹಾರ, ಶಾಲು ಸಮೇತ ಮಗುವಿನ ಹಾಗೆ ನಿದ್ದೆ ಹೋಗಿದ್ದರು. ಗಂಗಾಧರ ಸೀಟುಗಳ ಮಧ್ಯೆ ನಡೆದು ಕಾಳಕ್ಕನ ಹತ್ತಿರ ಬಂದ.

“ಹೆಂಗಿತ್ತಜ್ಜಿ?”

ಕಾಳಕ್ಕ ಎಲೆಯಡಿಕೆ ಅಗಿಯುತ್ತ ಯೋಚಿಸಿದಳು. “ಪರವಾಗಿಲ್ಲ ಕಣಪ್ಪ. ಚೆನ್ನಾಗೇ ಮಾಡಿದ್ರಿ. ಆದ್ರೆ ಅವತ್ತಿನ ಹಂಗೆ ಬರ್ಲಿಲ್ಲ ಬುಡು.”

“ಅವತ್ತಿಂದೇ ಬ್ಯಾರೆ,” ಎಂದ ರಂಗಪ್ಪ. ಚಿತ್ತಣ್ಣ ಹಣೆ ಮುಟ್ಟಿಕೊಂಡು ಹೂಂಗುಟ್ಟಿದ. ಚಿಕ್ಕಗೌರಮ್ಮ ಕೂಡ, “ಅದು ಮಾತ್ರ ನಿಜ,” ಎಂದಳು.

ಎರಡು ತಿಂಗಳು ರಿಜಿಸ್ಟರಿನ ಮೇಲೆ ಬಗ್ಗಿ ಬರೆದು ಕತ್ತು ನೋಯಿಸಿಕೊಂಡವನಿಗೆ ಮುಖ ಕೆಂಪಾಯಿತು. ಸೀಟಿನ ಕಂಬಿ ಹಿಡಿದು ನಿಂತ.

“ಅಜ್ಜಿ, ನ್ಯಾಯವಾಗಿ ಮಾತಾಡಿ. ಅವತ್ತು ಮೂರನೇ ಅಂಕದಲ್ಲಿ, ಸರಿಯಾಗಿ ಮರ ಆಗೋ ಹೊತ್ತಿಗೆ ಮಳೆ ಬಂತಲ್ಲ! ಆ ಮಳೇಲಿ ನಾಟ್ಕ ಅಷ್ಟು ಚೆನ್ನಾಗಿ ಕಂಡಿದ್ದು. ರಂಗಮಂದಿರದ ಒಳಗೆ ನಾನು ಮಳೆ ಎಲ್ಲಿಂದ ತರ್ಲಿ?”

ಕಾಳಕ್ಕ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು.

“ಅಯ್ಯೋ, ಹೌದಲ್ಲ!” ಎಂದಳು ಕಾಳಕ್ಕ. “ಮಳೆ!”

“ಎಂಥಾ ಮಳೆ ಅಂತೀಯ,” ಎಂದ ರಂಗಪ್ಪ. “ನನ್ ಚಾಪೆ ತೇಲ್ಕಂಡು ಹೋಯ್ತು!”

“ಗ್ಯಾಸ್‌ಲೈಟು ಕೆಡಬಾರ್ದು ಅಂತ ನೀವು ಅಂಗಿ ಬಿಚ್ಚಿ ಅದಕ್ಕೆ ಹೊದಿಸಿದ್ರಿ ಕಣ್ರೀ,” ಎಂದಳು ಚಿಕ್ಕಗೌರಮ್ಮ.

“ಹೊದಿಸಿದೆ,” ಎಂದ ಗಂಗಾಧರ. “ಎರಡು ದಿನ ಜ್ವರ ಬಂದಿತ್ತು.” ಹೇಳಿದ ಮೇಲೆ ಅವನಿಗೆ ಮೈ ನಡುಗಿ ನಿಜವಾಗಿಯೂ ಚಳಿಯಾಯಿತು. ಹೆಂಡತಿ ಪಕ್ಕಕ್ಕೆ ಸರಿದು ಜಾಗ ಮಾಡಿ, ಸೆರಗನ್ನು ಅವನ ಹೆಗಲಿಗೂ ಎಳೆದಳು. ಆ ಮಳೆಯಲ್ಲಿ ಯಾರು ಎಷ್ಟು ನೆನೆದರು ಎಂಬ ವಾದ ತಿಪಟೂರು ದಾರಿಯ ಕೆ.ಬಿ. ಕ್ರಾಸ್ ದಾಟಿದರೂ ಮುಗಿದಿರಲಿಲ್ಲ.